ಎರಡು ದೇಶಗಳಿಗೆ ಹಂಚಿದ ಹೆಣ

ಈಸ್ಟರ್ ಬಂದಿತೆಂದರೆ ನಾರ್ವೆಯ ಜನ ಕಿತ್ತಳೆ, ಚಾಕೊಲೇಟ್ ಜೊತೆಗೆ ನಾಲ್ಕಾರು ಕೊಲೆಗಳನ್ನೂ ಗಂಟು ಕಟ್ಟಿಕೊಂಡು ಬೆಟ್ಟದ ಮನೆಗಳಿಗೆ ಹೊರಡುತ್ತಾರೆ. 1923ರಲ್ಲಿ ಪತ್ತೇದಾರಿ ಕಾದಂಬರಿಯೊಂದರ ಜಾಹೀರಾತು ‘ರಾತ್ರಿ ಬರ್ಗೆನ್ ರೈಲು ಲೂಟಿ’ ಎಂದು ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯಂತೆಯೇ ಬಂದಿತ್ತು. ಎಷ್ಟೋ ಮಂದಿ ನಂಬಿಯೂ ಬಿಟ್ಟರು. ಈಸ್ಟರಿಗೆ ಕೊಲೆಯ ಕಥೆ ಓದುವ, ಅಂದು ಅಂಟಿದ ಚಟ ಈಗ ಹಾಲಿನ ಪೊಟ್ಟಣದವರೆಗೂ ಹಬ್ಬಿದೆ. ಅದರ ಮೇಲೂ ಕೊಲೆಯ ಒಗಟು. ಏಸು ಎದ್ದು ಬಂದ ಹಬ್ಬದಲ್ಲಿ ಎದ್ದು ಬಾರದವರ ಪಾರಾಯಣ!

ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಸೀಮೆಯ ಟಿವಿ ಧಾರಾವಾಹಿಗಳ ಕೊಲೆಗಾರರ ಅಭಿರುಚಿಯನ್ನು ಮೆಚ್ಚಲೇಬೇಕು. ಹೆಣವನ್ನು ಮೋರಿಗೆ ಎಸೆದು ಹೋಗುವ ಜಾಯಮಾನ ಅವರದಲ್ಲ. ‘ದಿ ಬ್ರಿಡ್ಜ್’ನವನಂತೂ ಓರೆಸುಂದ್ ಸೇತುವೆಯ ಮೇಲೆ, ಡೆನ್ಮಾರ್ಕ್–ಸ್ವೀಡನ್ ಗಡಿಗೆ ಸರಿಯಾಗಿ ಹೆಣವಿಟ್ಟ. ಸೊಂಟದ ಮೇಲಿನ ಭಾಗ ಒಬ್ಬಳದು, ಕೆಳಗಿನದು ಇನ್ನೊಬ್ಬಳದು. ಎರಡೂ ದೇಶಗಳ ಪೊಲೀಸರು ಓಡೋಡಿ ಬಂದರು. ನಮ್ಮಲ್ಲಾಗಿದ್ದರೆ ಎರಡೂ ಠಾಣೆಯವರು ಟೇಪು ಹಿಡಿದು ಅಳೆದು, ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆದು ಕೊಡುತ್ತಿದ್ದರು.

ಇನ್ನು ಡೆನ್ಮಾರ್ಕಿನ ಧಾರಾವಾಹಿ ‘ದಿ ಕಿಲ್ಲಿಂಗ್’ನ ಪತ್ತೇದಾರಿಣಿ ಸಾರಾ ಲುಂಡ್. ಇಪ್ಪತ್ತು ದಿನಗಳ ತನಿಖೆ, ಇಪ್ಪತ್ತು ಕಂತು, ಮೈಮೇಲೆ ಆ ಒಂದು ಸ್ವೆಟರ್. ಫಾರೋ ದ್ವೀಪಗಳ ಉಣ್ಣೆಯದು. ಸತ್ತ ಹುಡುಗಿಯ ಹೆಸರು ಮರೆತವರೂ ಆ ಹೆಣಿಗೆಯನ್ನು ಮರೆಯಲಿಲ್ಲ. ಲಂಡನ್ನಿನ ಹೆಂಗಸರು ದುಬಾರಿ ಬೆಲೆ ತೆತ್ತು ತರಿಸಿಕೊಂಡರು. ಕುರಿಗಳಿಗಾದರೂ ಒಳ್ಳೆಯದಾಯಿತೋ ಇಲ್ಲವೋ. ಸ್ವೀಡನ್ನಿನ ಈಸ್ಟಾಡ್ ಊರಂತೂ, ಕಾದಂಬರಿಯಲ್ಲಲ್ಲದೆ ಎಂದೂ ಹುಟ್ಟದ ಇನ್‌ಸ್ಪೆಕ್ಟರ್ ವಲಾಂಡರನ ಬೀದಿ ತೋರಿಸಿ ಪ್ರವಾಸಿಗರನ್ನು ಕರೆಸಿಕೊಳ್ಳುತ್ತದೆ.

ಅದೇ ಸ್ವೀಡನ್ನಿನಲ್ಲಿ ಹುಟ್ಟಿ ಬದುಕಿದ್ದ ಪ್ರಧಾನಿ ಉಲೋಫ್ ಪಾಲ್ಮೆ 1986ರ ಫೆಬ್ರವರಿ 28ರ ರಾತ್ರಿ, ಹೆಂಡತಿಯೊಂದಿಗೆ ಸಿನಿಮಾ ಮುಗಿಸಿ ನಡೆದು ಬರುವಾಗ ಸ್ಟಾಕ್‌ಹೋಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ಮೂವತ್ತನಾಲ್ಕು ವರ್ಷ ತಿಣುಕಿದ ಮೇಲೆ, 2000ದಲ್ಲೇ ಸತ್ತಿದ್ದ ಒಬ್ಬನತ್ತ ಬೆರಳು ತೋರಿಸಿ ಕಡತ ಮುಚ್ಚಿದರು. ಸಾರಾ ಲುಂಡ್ ಅಂದು ರಜೆಯಲ್ಲಿದ್ದಳೇನೋ.

ನಗು ಇಲ್ಲಿಗೆ ಸಾಕು. ಸ್ಟಾಕ್‌ಹೋಮಿನ ಹೊರವಲಯದಲ್ಲಿ ಈಗ ಪಾತಕಿ ಗ್ಯಾಂಗಿನವರು ಹದಿನಾಲ್ಕು ವರ್ಷದ ಹುಡುಗರ ಕೈಗೆ ಪಿಸ್ತೂಲು ಕೊಟ್ಟು ಕೊಲೆಗೆ ಕಳಿಸುತ್ತಾರೆ. ಹದಿನೈದು ತುಂಬದವನಿಗೆ ಅಲ್ಲಿ ಶಿಕ್ಷೆಯಿಲ್ಲ, ಅದಕ್ಕೇ. ಕೆಲಸಕ್ಕೆ ಕರೆಯುವುದು ಮೊಬೈಲಿನಲ್ಲಿ. ಕೊಲೆ ನಡೆಯುವುದು ಬಾಡಿಗೆ ಮನೆಗಳ ಮೆಟ್ಟಿಲ ಮೇಲೆ. ಅಲ್ಲಿಗೆ ಪ್ರವಾಸಿ ಬಸ್ಸಿಲ್ಲ. ಈ ಹುಡುಗರನ್ನು ಕಳಿಸುವ ದೊಡ್ಡವರಲ್ಲಿ ಎಷ್ಟೋ ಮಂದಿ ಪರದೇಶದಲ್ಲಿ ಹಾಯಾಗಿದ್ದಾರೆ. ಹೆಸರು ಪೊಲೀಸರಿಗೆ ಗೊತ್ತು, ಪತ್ರಿಕೆಗಳಿಗೂ ಗೊತ್ತು. ಪತ್ತೇದಾರಿಕೆಗೆ ಇದರಲ್ಲಿ ಏನೂ ಉಳಿದಿಲ್ಲ. ಹಾಗಿರುವಾಗ ಇದರ ಮೇಲೆ ಹತ್ತು ಕಂತು ಯಾರು ನೋಡುತ್ತಾರೆ?