ಬೆಲ್ಜಿಯಂ ಕನ್ನಡಿ, ಬಾರ್ಸಿಲೋನಾ ಕುರ್ಚಿ

ಎದುರಿಗೆ ಕನ್ನಡಿ ಬಂದರೆ ದಾರಿ ಬಿಡುವ ಮನುಷ್ಯ ಇನ್ನೂ ಹುಟ್ಟಿಲ್ಲ. ಆಳೆತ್ತರದ ಹಳೇ ಕನ್ನಡಿಯೊಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲು ಹತ್ತಿ ಬಂದ ದಿನ ಇದು ಗೊತ್ತಾಯಿತು. ನಾಲ್ಕು ಜನ ಹೊತ್ತಿದ್ದರು. ನಾನು ಮುಂದೆ ನಿಂತು 'ಹುಷಾರು, ಹುಷಾರು' ಅನ್ನುವ ಕೆಲಸ ವಹಿಸಿಕೊಂಡಿದ್ದೆ. ಮೊದಲನೇ ಮಹಡಿಯ ಆಂಟಿ ಬಾಗಿಲು ತೆಗೆದವರೇ ಸೆರಗು ಸರಿಮಾಡಿಕೊಂಡರು. ಎರಡನೇ ಮಹಡಿಯ ಹುಡುಗ ಕ್ರಾಪು ತೀಡಿಕೊಂಡ. ಮೂರನೇ ಮಹಡಿಯಲ್ಲಿ, 'ಮೆಟ್ಟಿಲ ಮೇಲೆ ಸಾಮಾನು ಸಾಗಿಸೋ ಹಾಗಿಲ್ಲ' ಎಂದು ಗದರಲು ಬಂದ ಅಸೋಸಿಯೇಷನ್ ಕಾರ್ಯದರ್ಶಿ ಮಾತು ಅರ್ಧಕ್ಕೇ ಬಿಟ್ಟು ತಮ್ಮ ಹಲ್ಲು ನೋಡಿಕೊಳ್ಳತೊಡಗಿದರು. 'ಬೇಗ ನೋಡ್ಕೊಳ್ಳಿ ಸಾರ್, ಕೈ ಬಿದ್ದೋಗ್ತಿದೆ' ಎಂದ ಕೆಳಗಡೆ ಹಿಡಿದಿದ್ದವನು.

ಪಾಪ, ಅವನದೇನೂ ತಪ್ಪಿಲ್ಲ. ಆರು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 15 ಕೆ.ಜಿ. ತೂಗುತ್ತದೆ. ಅದಕ್ಕೆ ತೇಗದ ಚೌಕಟ್ಟು, ಚೌಕಟ್ಟಿನ ತುಂಬ ಬಳ್ಳಿ, ಬಳ್ಳಿಯ ಮೇಲೆ ಒಂದು ಜೊತೆ ನವಿಲು.

ಇದೆಲ್ಲ ಮಗಳ ಯೋಜನೆ. ಅವಳು ಆರ್ಕಿಟೆಕ್ಚರ್ ಓದುತ್ತಾಳೆ. 'ಹಾಲ್‌ನಲ್ಲಿ ಒಂದು ತುಂಬಾ ಹಳೇದಿರ್ಬೇಕು, ಒಂದು ತುಂಬಾ ಮಾಡರ್ನ್ ಇರ್ಬೇಕು. ನಡುವಿಂದು ಏನೂ ಬೇಡ ಅಪ್ಪಾ' ಎಂದಳು. ನಡುವಿನದು ಅಂದರೆ ನಮ್ಮ ಸೋಫಾ, ಟೀಪಾಯಿ, ಶೋಕೇಸು. ನನ್ನನ್ನೂ ಸೇರಿಸಿಯೇ ಹೇಳಿದಳೋ ಏನೋ, ಕೇಳಲಿಲ್ಲ.

ಹಳೇದಕ್ಕೆ ಶಿವಾಜಿನಗರದ ಗಲ್ಲಿಗಳಲ್ಲಿ ಅಲೆದೆವು. ನಮ್ಮಲ್ಲಿ ದಪ್ಪಗಿರುವ, ಅಂಚು ಓರೆಯಾಗಿ ಉಜ್ಜಿರುವ ಹಳೇ ಕನ್ನಡಿಗಳೆಲ್ಲ ಬೆಲ್ಜಿಯಂ ಕನ್ನಡಿಗಳೇ. ಲೆಕ್ಕ ಹಾಕಿದರೆ ಆ ಪುಟ್ಟ ದೇಶದವರು ಇದ್ದ ಕನ್ನಡಿಯನ್ನೆಲ್ಲ ನಮಗೇ ಕಳಿಸಿ, ತಾವು ನೀರಲ್ಲಿ ಮುಖ ನೋಡಿಕೊಳ್ಳುತ್ತಿದ್ದಿರಬೇಕು. ಅಂಗಡಿಯವರು ಗಾಜಿನ ಮೇಲೆ ಉಗುರು ಇಟ್ಟು, ಉಗುರಿಗೂ ಅದರ ಬಿಂಬಕ್ಕೂ ನಡುವೆ ಇರುವ ಸಂದು ತೋರಿಸಿ, 'ನೋಡಿ, ಒರಿಜಿನಲ್ ಬೆಲ್ಜಿಯಂ' ಎಂದರು. ಬೆಳ್ಳಿಯ ಲೇಪ ಗಾಜಿನ ಹಿಂದೆ ಇರುವುದರಿಂದ ಗಾಜು ದಪ್ಪವಿದ್ದಷ್ಟೂ ಸಂದು ಜಾಸ್ತಿ ಕಾಣುತ್ತದೆ, ಅಷ್ಟೇ. ಅದು ಬೆಲ್ಜಿಯಂನದೋ ಬಳೇಪೇಟೆಯದೋ ಉಗುರಿಗೆ ಹೇಗೆ ಗೊತ್ತಾಗಬೇಕು?

ಕನ್ನಡಿ ತುಂಬ ಕಪ್ಪು ಮಚ್ಚೆ ಇತ್ತು. ಅದನ್ನು ತೋರಿಸಿ ರೇಟು ಇಳಿಸಲು ಹೋದರೆ, 'ಮಚ್ಚೆಗೇ ಸಾರ್ ದುಡ್ಡು' ಎಂದರು. ಮೊದಲೆಲ್ಲ ಗಾಜಿನ ಹಿಂದೆ ತವರದ ಹಾಳೆ ಮತ್ತು ಪಾದರಸ ಕೂರಿಸುತ್ತಿದ್ದರಂತೆ. 1835ರಲ್ಲಿ ಜರ್ಮನಿಯ ಲೀಬಿಗ್ ಎಂಬ ವಿಜ್ಞಾನಿ ಬೆಳ್ಳಿ ಲೇಪಿಸುವ ದಾರಿ ಕಂಡುಹಿಡಿದ. ಕನ್ನಡಿ ಮಾಡುವವರು ಪಾದರಸದ ವಿಷದಿಂದ ಪಾರಾಗಲು ಅದು ದಾರಿಯಾಯಿತು. ಹಿಂಬದಿಯ ಬಣ್ಣ ಬಿರುಕು ಬಿಟ್ಟು ತೇವ ಒಳಗೆ ಹೋದರೆ ಆ ಬೆಳ್ಳಿ ಕಪ್ಪಾಗುತ್ತದೆ. ಅದೇ ಮಚ್ಚೆ. ಇಷ್ಟೆಲ್ಲ ನಮಗೆ ಗೊತ್ತಿತ್ತು. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಹೇಳಿರಲಿಲ್ಲ. ಅವರು ಮೊದಲು ಒದ್ದೆ ಪೇಪರಿನಲ್ಲಿ ಉಜ್ಜಿದರು. ಆಮೇಲೆ ವಿಭೂತಿ ಹಚ್ಚಿದರು. ಆಮೇಲೆ ನಿಂಬೆಹಣ್ಣು. ಕೊನೆಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತಂದಾಗ ಮಗಳು ಕಿರುಚಿದ್ದು ಕಾರ್ಯದರ್ಶಿಯವರೆಗೂ ಕೇಳಿಸಿತು. 'ಇಷ್ಟು ದುಡ್ಡು ಕೊಟ್ಟು ಕೊಳೆಯಾಗಿರೋದನ್ನೇ ತಂದಿದ್ದೀರಲ್ಲ' ಎಂದು ಅಕ್ಕ ಇವತ್ತಿಗೂ ಮರುಗುತ್ತಾರೆ.

ಒಂದು ದೊಡ್ಡ ಮಚ್ಚೆ ಸರಿಯಾಗಿ ನನ್ನ ಮೂಗಿನ ಎತ್ತರಕ್ಕೇ ಇದೆ. ನಾನು ಬಚ್ಚಲಿನ ಕನ್ನಡಿಗೇ ವಾಪಸಾಗಿದ್ದೇನೆ.

ಇನ್ನು ಆ ತುಂಬಾ ಮಾಡರ್ನ್ ಸಾಮಾನು. ಅದು ಬಾರ್ಸಿಲೋನಾ ಕುರ್ಚಿ. ಅಸಲಿಯದಕ್ಕೆ ಲಕ್ಷಗಟ್ಟಲೆ ಬೆಲೆ, ನಮ್ಮದು ನಕಲು. 1929ರಲ್ಲಿ ಬಾರ್ಸಿಲೋನಾದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆದಾಗ, ಜರ್ಮನಿಯ ಮಂಟಪಕ್ಕೆಂದು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಮತ್ತು ವಿನ್ಯಾಸಕಿ ಲಿಲಿ ರೈಶ್ ಮಾಡಿದ ಕುರ್ಚಿ. ಸ್ಪೇನಿನ ರಾಜ ಹದಿಮೂರನೇ ಅಲ್ಫೋನ್ಸೊ ಉದ್ಘಾಟನೆಗೆ ಬಂದಾಗ ಕೂರಲಿ ಎಂದು ಮಾಡಿದ್ದು. ರಾಜ ಬಂದರು, ನೋಡಿದರು, ಆದರೆ ಕೂರಲೇ ಇಲ್ಲ ಅಂತ ಒಂದು ಕಥೆಯಿದೆ. ನಮ್ಮನೆಯಲ್ಲಿ ಕುರ್ಚಿ ಬಂದ ಮೇಲೆ ಆ ಕಥೆಯನ್ನು ನಾನು ಪೂರ್ತಿ ನಂಬುತ್ತೇನೆ. ಬುದ್ಧಿವಂತ ರಾಜ.

ಸೀಟು ತಗ್ಗು, ಹಿಂದಕ್ಕೆ ಇಳಿಜಾರು, ಮುಕ್ಕಾಲು ಮೀಟರ್ ಆಳ. ಕೈಗಳೇ ಇಲ್ಲ. ಕೂರುವುದು ಕಷ್ಟವಲ್ಲ, ತಾನಾಗಿ ಆಗುತ್ತದೆ. ಏಳುವುದಕ್ಕೆ ಮಾತ್ರ ಇನ್ನೊಬ್ಬರು ಬೇಕು. ಹಾಸನದಿಂದ ಬಂದ ನಮ್ಮ ದೊಡ್ಡಪ್ಪ ಕೂತು, ಕಾಫಿ ಕುಡಿದು, 'ಬರ್ತೀನಪ್ಪ' ಎಂದು ಏಳಲು ಹೋಗಿ ಆಗದೆ, ಮರ್ಯಾದೆಗೆ ಇನ್ನೊಂದು ಕಾಫಿ ಕೇಳಿದರು. ಆಮೇಲೆ ಊಟವನ್ನೂ ಮಾಡಿದರು. ಕೊನೆಗೆ ನಾನೂ ಹೆಂಡತಿಯೂ ಒಂದೊಂದು ಕೈ ಹಿಡಿದೆಳೆದೆವು.

ಮೆತ್ತೆಯನ್ನು ಚೌಕ ಚೌಕವಾಗಿ ಹೊಲಿದು, ಚೌಕದ ಮೂಲೆಯಲ್ಲೆಲ್ಲ ಗುಂಡಿ ಹಾಕಿದ್ದಾರೆ. ಗುಂಡಿಯಿದ್ದ ಕಡೆಯೆಲ್ಲ ಒಂದು ಕುಳಿ. ಕುಳಿಯಲ್ಲಿ ಖಾರಾ ಮಂಡಕ್ಕಿ, ಕಾಂಗ್ರೆಸ್ ಕಡ್ಲೆಬೀಜದ ತುಂಡು, ಒಮ್ಮೆ ಅಮ್ಮನ ಬಿ.ಪಿ. ಮಾತ್ರೆ. ಕಡ್ಡಿ ಹಾಕಿ ತೆಗೆಯದಿದ್ದರೆ ಇರುವೆ ಸಾಲು ಬರುತ್ತದೆ. ಆಧುನಿಕ ಪೀಠೋಪಕರಣ ಅಂದರೆ ಸರಳ ಅಂತ ಯಾರು ಹೇಳಿದರೋ!

ಅಮ್ಮ ಒಂದೇ ಮಾತು ಕೇಳಿದರು. 'ಇಷ್ಟು ದುಡ್ಡು ತಗೊಂಡು ಕೈ ಯಾಕೆ ಇಡ್ಲಿಲ್ಲ?' ಆಮೇಲೆ ಅಟ್ಟದಲ್ಲಿದ್ದ ಹಳೇ ಬೆತ್ತದ ಕುರ್ಚಿ ಇಳಿಸಿಕೊಂಡು ಕೂತರು. ಅದು ಅಪ್ಪ ಯಾವುದೋ ಸರ್ಕಾರಿ ಕಚೇರಿಯ ಹರಾಜಿನಲ್ಲಿ ತಂದಿದ್ದು. ತೇಗದ ಕಾಲು, ಜೋಲುಬಿದ್ದ ಬೆತ್ತ, ಬೆನ್ನಿಗೆ ಬಿಳಿ ಪೇಂಟಿನಲ್ಲಿ ಬರೆದ ನಂಬರು.

ಹಾಲ್‌ನ ಅಂದ ಕೆಟ್ಟಿತು ಎಂದು ಮಗಳು ಮುನಿಸಿಕೊಂಡಿದ್ದಾಗ ಅವಳ ಕಾಲೇಜಿನ ಹುಡುಗನೊಬ್ಬ ಮನೆಗೆ ಬಂದ. ಕನ್ನಡಿ, ಬಾರ್ಸಿಲೋನಾ ಎರಡನ್ನೂ ದಾಟಿಕೊಂಡು ನೇರ ಅಮ್ಮನ ಮುಂದೆ ಮಂಡಿಯೂರಿದ. ಹುಡುಗನಿಗೆ ಸಂಸ್ಕಾರವಿದೆ ಅಂದುಕೊಂಡೆ. ಅವನು ಕುರ್ಚಿಯ ಕೆಳಗೆ ತಲೆ ಹಾಕಿದ. ಅಮ್ಮ ಕಾಲು ಮೇಲೆತ್ತಿಕೊಂಡರು. ಚಂಡೀಗಢದ ಕಚೇರಿಗಳಿಗೆ ಪಿಯರ್ ಜಾನ್ನರೆ ಎಂಬ ವಾಸ್ತುಶಿಲ್ಪಿ ಮಾಡಿಸಿದ್ದ ತೇಗ-ಬೆತ್ತದ ಕುರ್ಚಿಗಳ ಕಥೆಯನ್ನು ಅಲ್ಲಿಂದಲೇ ಹೇಳಿದ. ಗುಜರಿಗೆ ಹೋದವು ವಿದೇಶದ ಹರಾಜಿನಲ್ಲಿ ಲಕ್ಷ ಲಕ್ಷಕ್ಕೆ ಬಿಕರಿಯಾಗಿದ್ದು, 2011ರಲ್ಲಿ ಕೇಂದ್ರ ಸರ್ಕಾರ ತಡೆಯಲು ಆದೇಶ ಹೊರಡಿಸಿದ್ದು, ಎಲ್ಲವನ್ನೂ. ಇದು ಅದಲ್ಲ, ಆದರೂ ಆ ಕಾಲದ್ದೇ ಎಂದ. ಬೆನ್ನಿನ ನಂಬರಿನ ಫೋಟೋ ತೆಗೆದುಕೊಂಡ.

'ಅಜ್ಜಿ, ಇದನ್ನ ನಂಗೆ ಕೊಡ್ತೀರಾ? ಒಳ್ಳೇ ರೇಟ್ ಕೊಡ್ತೀನಿ.'

'ಇದ್ಯಾಕಪ್ಪ, ಹಳೇದು' ಎಂದು ಅಮ್ಮ ಬಾರ್ಸಿಲೋನಾ ಕಡೆ ಕೈ ತೋರಿಸಿದರು. 'ಅದನ್ನ ತಗೊಂಡು ಹೋಗು. ಹೊಸಾದು. ಯಾರೂ ಕೂತೂ ಇಲ್ಲ.'