ಮನೆ ಸಾಲ ಬೇಗ ಕಟ್ಟಿದರೆ ದಂಡ ಬೀಳುತ್ತಾ? ಒಂದು ಸ್ಪಷ್ಟನೆ

ಮೈಸೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಮನೆ ಸಾಲ ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುತ್ತೆ, ಖರ್ಚು ಉಳಿಸಿ ಕಟ್ಟೋದು ವ್ಯರ್ಥ." ಇದು ಪೂರ್ತಿ ನಿಜ ಅಲ್ಲ.

ಬದಲಾಗುವ ಬಡ್ಡಿ ದರದ, ಅಂದರೆ ಫ್ಲೋಟಿಂಗ್ ಮನೆ ಸಾಲಕ್ಕೆ ಬ್ಯಾಂಕುಗಳು ಇಂಥ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಫಿಕ್ಸೆಡ್ ದರದ್ದಾದರೆ ಶುಲ್ಕ ಇರಬಹುದು, ಸಾಲದ ಪತ್ರ ತೆಗೆದು ನೋಡಿ.

ಇನ್ನು ಲಾಭದ ಮಾತು. 20 ಲಕ್ಷ, ಶೇ. 8.5 ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ಬರೀ ಬಡ್ಡಿಗೇ ಹೋಗುತ್ತದೆ, ಹೊಟ್ಟೆ ಉರಿಯುತ್ತೆ ಅಲ್ವಾ? ಮೊದಲಿನಿಂದಲೇ ತಿಂಗಳಿಗೆ 3,000 ಜಾಸ್ತಿ ಕಟ್ಟಿಕೊಂಡು ಬಂದರೆ, ಬಡ್ಡಿ ದರ ಹಾಗೇ ಇದ್ದರೆ, ಸಾಲ ಸುಮಾರು 14 ವರ್ಷಕ್ಕೆ ಮುಗಿಯುತ್ತದೆ, ಏಳು ಲಕ್ಷಕ್ಕೂ ಜಾಸ್ತಿ ಬಡ್ಡಿ ಉಳಿಯುತ್ತದೆ.

ಆ 3,000 ಎಲ್ಲಿಂದ? ಆ್ಯಪ್‌ನಲ್ಲಿ ತರಿಸೋ ತರಕಾರಿ ಬಿಟ್ಟು ವಾರಕ್ಕೊಮ್ಮೆ ಎಂ.ಜಿ. ರೋಡ್ ಮಾರ್ಕೆಟ್‌ಗೆ ಚೀಲ ಹಿಡಿದು ಹೋಗಿ, ಭಾನುವಾರದ ಹೋಟೆಲ್ ಊಟ ತಿಂಗಳಿಗೊಂದು ಮಾಡಿ. ಮಕ್ಕಳ ಹಾಲು, ಆರೋಗ್ಯ ವಿಮೆ ಮಾತ್ರ ಮುಟ್ಟಬೇಡಿ.

ಹೆಚ್ಚಿನ ಹಣ ಕಟ್ಟುವಾಗ "ಕಂತು ಕಡಿಮೆ ಮಾಡೋದು ಬೇಡ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡಿ, ರಸೀದಿ ಇಟ್ಟುಕೊಳ್ಳಿ.