ಓರ್ಕಾ ಎದುರಾದರೆ ದೋಣಿ ನಿಲ್ಲಿಸಬೇಕೆ? ಸ್ಪಷ್ಟನೆ

"ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಜಿಬ್ರಾಲ್ಟರ್ ಜಲಸಂಧಿಯಲ್ಲಿ ಓರ್ಕಾಗಳು (ಕಿಲ್ಲರ್ ವೇಲ್ ಎಂಬ ದೊಡ್ಡ ಕಡಲ ಪ್ರಾಣಿಗಳು) ಮನುಷ್ಯರನ್ನು ಬೇಟೆಯಾಡುತ್ತಿವೆ, ಕಂಡ ಕೂಡಲೇ ಎಂಜಿನ್ ಆರಿಸಿ, ಪಟಾಕಿ ಎಸೆಯಿರಿ" ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

2020ರಿಂದ ಅಲ್ಲಿನ ಓರ್ಕಾಗಳು ಹಾಯಿದೋಣಿಗಳ ಚುಕ್ಕಾಣಿಗೆ ಗುದ್ದಿ ಮುರಿಯುತ್ತಿರುವುದು, ಕೆಲವು ದೋಣಿಗಳು ಮುಳುಗಿರುವುದು ನಿಜ. ಆದರೆ ಈ ಘಟನೆಗಳಲ್ಲಿ ಯಾರನ್ನೂ ಅವು ಕೊಂದಿಲ್ಲ. ಅವುಗಳ ಮುಖ್ಯ ಆಹಾರ ಟ್ಯೂನಾ ಮೀನು.

ದೋಣಿ ನಿಲ್ಲಿಸಿ ಎಂಬುದು ಮೊದಲಿದ್ದ ಸಲಹೆ. ಗೊಂದಲಕ್ಕೆ ಬಹುಶಃ ಅದೇ ಕಾರಣ. ಸ್ಪೇನ್ ಸರ್ಕಾರ 2024ರಲ್ಲಿ ಹೇಳಿದ್ದೇ ಬೇರೆ: ನಿಲ್ಲಬೇಡಿ, ಎಂಜಿನ್ ಬಳಸಿ ದಡದತ್ತ, ಆಳ ಕಡಿಮೆಯಿರುವ ನೀರಿಗೆ ಸಾಗಿ, ದೋಣಿಯ ಅಂಚಿಗೆ ಹೋಗಬೇಡಿ. ಪಟಾಕಿಯಂತೂ ಬೇಡವೇ ಬೇಡ. ಅಳಿವಿನಂಚಿನಲ್ಲಿರುವ ಈ ಪ್ರಾಣಿಗಳಿಗೆ ಅಲ್ಲಿ ಕಾನೂನಿನ ರಕ್ಷಣೆಯಿದೆ.

ಹಳೆಯ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.